ಕೈಗೆ ಸಿಗುವಂತೆ

ಹಡಗು ರಾತ್ರಿ ಎರಡಕ್ಕೋ, ಬೆಳಗಿಗೋ,
ತುವಾಲ್ ಬಂದರಿನಲ್ಲಿ ಯಾರೂ ಖಚಿತ ಹೇಳುವುದಿಲ್ಲ.
ಮಧ್ಯಾಹ್ನದಿಂದಲೇ ಅವ್ವ ಚೀಲದ ಮುಂದೆ ಕೂತಿದ್ದಾಳೆ
ಬಲೆ ಹೊಲಿಯುವವರ ಹಾಗೆ,
ಮುಖ ಕಡಲಿಗೆ, ಕೈ ಕೆಲಸಕ್ಕೆ.

ಎರಡೂ ಕಣ್ಣಿಗೆ ಪೊರೆ.
ಎಡಗಣ್ಣಿನ ತುಂಬ ಅನ್ನದ ಗಂಜಿ ಅನ್ನುತ್ತಾಳೆ,
ಬಲಗಣ್ಣಿಗೂ ಅದೇ ಗಂಜಿ, ನೀರು ತುಸು ಹೆಚ್ಚು.
ಆಸ್ಪತ್ರೆಯಿರುವ ಮಕಾಸ್ಸರ್‌ಗೆ ನಾಲ್ಕು ರಾತ್ರಿ;
ನಮ್ಮದು ಮಂಚವಿಲ್ಲದ ಟಿಕೀಟು, ಸಿಕ್ಕಲ್ಲಿ ಚಾಪೆ.

ನಾನು ಬುದ್ಧಿವಂತೆ, ಪಟ್ಟಿ ಬರೆದುಕೊಂಡವಳು.
ಅವಳಿಗೆ ಜೊಂಪು ಹತ್ತಿದಾಗ ಎಲ್ಲ ಹೊರತೆಗೆದು
ಮಡಿಸಿ, ಒರೆಸಿ, ಅಳತೆಗೆ ತಕ್ಕಂತೆ ಜೋಡಿಸಿಟ್ಟೆ.
ಎದ್ದವಳು ಚೀಲಕ್ಕೆ ಕೈ ಹಾಕಿ ಬೆಚ್ಚಿದಳು
ಯಾರದೋ ಅಡುಗೆಮನೆಗೆ ನುಗ್ಗಿಬಿಟ್ಟವಳಂತೆ.
"ಲೋಡಿಯಾ,
ಯಾರೇ ಇದರೊಳಗಿನ ದೀಪ ಆರಿಸಿದ್ದು?"

ಸುರಿದಳು ಎಲ್ಲವನ್ನೂ. ಮತ್ತೆ ಮೊದಲಿಂದ.

ತಳಕ್ಕೆ ಎಂಬಲ್, ಮರಗೆಣಸಿನ ಒಣ ರೊಟ್ಟಿ,
ಹೆಂಚಿನಷ್ಟು ಗಟ್ಟಿ.
"ಇದು ಅಡಿಯಲ್ಲಿದ್ದರೆ ಚೀಲ ನೆಟ್ಟಗೆ ಕೂರುತ್ತದೆ.
ಮನುಷ್ಯರೂ ಹಾಗೇ, ಹೊಟ್ಟೆಗೆ ಬಿದ್ದಿರಬೇಕು."
ಅದರ ಮೇಲೆ ಸಾರಂಗ್ ಎರಡು. ಒಂದು ಹೊದೆಯಲು,
ಒಂದು, ನೂರು ಜನರ ನಡುವೆ ಬಟ್ಟೆ ಬದಲಿಸಲು ಗೋಡೆ.
ಅಪ್ಪ ಬಿಟ್ಟುಹೋದ ಉಣ್ಣೆ ಕಾಲುಚೀಲ:
ಕಬ್ಬಿಣದ ನೆಲದ ಚಳಿ ಬೆಳಗಿನ ಜಾವ
ಅಂಗಾಲಿನಿಂದ ಮಂಡಿಗೆ ಏರುತ್ತದೆ, ಮಂಡಿಯಿಂದ ಮಾತಿಗೆ.

ರಕ್ತದೊತ್ತಡದ ಮಾತ್ರೆಗೆ ಒಂದು ಗಂಟಿನ ದಾರ,
ಸಕ್ಕರೆ ಕಾಯಿಲೆಯದಕ್ಕೆ ಎರಡು ಗಂಟು.
ವಾಂತಿಯದಕ್ಕೆ ಗಂಟೇ ಇಲ್ಲ;
ಅದು ಬೇಕಾದ ಹೊತ್ತಿಗೆ
ಯಾವ ಗಂಟನ್ನೂ ಎಣಿಸುವ ತಾಳ್ಮೆ ಇರುವುದಿಲ್ಲ.
ಶುಂಠಿ, ಉಪ್ಪು. ಕಿವಿಗೆ ಹತ್ತಿ,
ಮೇಲಿನ ಡೆಕ್ಕಿನಲ್ಲಿ ರಾತ್ರಿಯಿಡೀ ಹಾಡುವವರಿರುತ್ತಾರೆ.
ಕರಿ ಪ್ಲಾಸ್ಟಿಕ್ ಕವರು ಏಳು.
ಏಳು ಯಾಕೆ ಅಂದೆ.
ಬಂಡಾ ಸಮುದ್ರವನ್ನು ಕೇಳು ಅಂದಳು.

ಕೊನೆಗೆ ಬಾಯಿಯ ಹತ್ತಿರ, ಬಲಬದಿಗೆ,
ಕಾಯು ಪುತಿ ಎಣ್ಣೆಯ ಹಸಿರು ಸೀಸೆ.
ಮೈಗೆ ಗಾಳಿ ಹೊಕ್ಕರೆ, ಹೊಟ್ಟೆ ತೊಳಸಿದರೆ,
ಸೊಳ್ಳೆಗೆ, ನೆಗಡಿಗೆ, ಪಕ್ಕದವರ ಬೂಟಿನ ನಾತಕ್ಕೆ,
ಮನಸ್ಸು ಕೆಟ್ಟರೂ ಮೂಗಿನ ಕೆಳಗೆ ಒಂದು ಬೊಟ್ಟು.
"ಕಣ್ಣಿಗೆ?"
"ಕಣ್ಣಿಗೆ ಉರಿ. ಅದಕ್ಕೆ ಡಾಕ್ಟರಿದ್ದಾನೆ."

ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಡಗು ಕಾದವಳು ನಾನು.
ಅವಳು ಗೋಣಿಯ ಮೇಲೆ ಗೊರಕೆ ಹೊಡೆದಳು.

ಎರಡನೆಯ ರಾತ್ರಿ ನೀರು ಎದ್ದು ನಿಂತಿತು.
ದೀಪ ಹೋಯಿತು. ನನ್ನ ಎರಡೂ ಒಳ್ಳೆಯ ಕಣ್ಣು
ಕತ್ತಲಲ್ಲಿ ಚೀಲವನ್ನೆಲ್ಲ ಕೆದಕಿ ಸೋತವು.
ಒಂದು ಕೈ ಬಂತು, ಕವರು ಬಾಯಿಗೆ ಹಿಡಿಯಿತು,
ಹೊಕ್ಕುಳ ಸುತ್ತ ಬೆಚ್ಚಗೆ ಎಣ್ಣೆ ತೀಡಿತು.
ಏಳರಲ್ಲಿ ಐದು ನನಗೇ ಬೇಕಾದವು.
ಆರನೆಯದು ಪಕ್ಕದ ಚಾಪೆಯ ಕೊಬ್ಬರಿ ವ್ಯಾಪಾರಿಗೆ,
ಅರವತ್ತು ವರ್ಷ ಕಡಲಲ್ಲೇ ಕಳೆದೆ ಅಂತ
ಸಂಜೆಯಷ್ಟೇ ಕೊಚ್ಚಿಕೊಂಡಿದ್ದ.

ಒಂದು ಕಣ್ಣು ಈಗ, ಇನ್ನೊಂದು ಆರು ತಿಂಗಳಿಗೆ ಅಂದರು.
ಪಟ್ಟಿ ಬಿಚ್ಚಿದ ದಿನ ಮೊದಲು ನನ್ನನ್ನು ನೋಡಿದಳು,
"ಹಣೆಯ ಮೇಲೆ ಇಷ್ಟು ಗೆರೆ ಯಾವಾಗ ಬಂತೇ?"
ಆಮೇಲೆ ಚೀಲವನ್ನು:
"ಥೂ, ಇಷ್ಟು ಕೊಳೆಯೇ ಇದು!"

ಮರಳುವ ಹಡಗಿನಲ್ಲಿ ಎಣ್ಣೆ ಬೇಕಾಯಿತು.
ಬಗ್ಗಿ ನೋಡಿದಳು, ಸಾರಂಗ್ ಎತ್ತಿದಳು, ಕಾಲುಚೀಲ ಕೊಡವಿದಳು,
ಬಣ್ಣ ಬಣ್ಣ, ಎಲ್ಲವೂ ಎಲ್ಲದರ ಹಾಗೇ.
ನಾನು ಮಾತಾಡಲಿಲ್ಲ, ಮುಟ್ಟಲೂ ಇಲ್ಲ.
ಸಾಕಾಗಿ, ಹೊಸ ಕಣ್ಣನ್ನು ಬಿಗಿಯಾಗಿ ಮುಚ್ಚಿ
ಒಳಗೆ ಕೈಬಿಟ್ಟಳು. ಬಲಬದಿ. ಸಿಕ್ಕಿತು.

ಸೀಸೆಯನ್ನು ಬೆಳಕಿಗೆ ಹಿಡಿದು,
ಕಣ್ಣು ತೆರೆದು, ಓರೆಯಾಗಿಸಿ, ಅಳೆದು,
"ಅರ್ಧ ಖಾಲಿ. ನಿನ್ನ ಹೊಟ್ಟೆಗೇ ಸುರಿದಿದ್ದೇನೆ," ಅಂದಳು,
"ಮುಂದಿನ ಸಲ ನಿನ್ನ ಚೀಲ
ನೀನೇ ಕಟ್ಟಿಕೋ."